ಗ್ರಾಫ್ ನೋಡಿ ಚಿತ್ರದ ಕ್ರೋಶಾ ಹೊದಿಕೆ ಹಾಕೋದು ಹೇಗೆ: ಮಗುವಿನ ಹೆಸರಿಂದ ಮಧುಗಿರಿ ಬೆಟ್ಟದವರೆಗೆ

ಚಿತ್ರದ ಹೊದಿಕೆ ಕೆಡುವುದು ಹೆಚ್ಚಾಗಿ ಗ್ರಾಫ್ ಬರೆಯುವಾಗಲೇ. ಕಡ್ಡಿ ಹಿಡಿಯುವ ಮೊದಲೇ ಕೆಟ್ಟಿರುತ್ತದೆ, ನಮಗೆ ಗೊತ್ತಾಗುವುದು ಮಾತ್ರ ಅರ್ಧ ಹೊದಿಕೆ ಮುಗಿದ ಮೇಲೆ. ಅದಕ್ಕೇ ಇಲ್ಲಿ ಗ್ರಾಫಿನ ಮಾತು ಜಾಸ್ತಿ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಚೈನು, ಸಿಂಗಲ್ ಕ್ರೋಶಾ, ಡಬಲ್ ಕ್ರೋಶಾ ನಿಮಗೆ ಬರುತ್ತದೆ ಅಂದುಕೊಂಡು ಬರೆಯುತ್ತಿದ್ದೇನೆ. ಒಂದು ಎಚ್ಚರಿಕೆ: ನಾನು ಹೇಳುವ ಹೆಸರುಗಳು ಅಮೆರಿಕದ ಲೆಕ್ಕದವು. ಬ್ರಿಟಿಷ್ ಲೆಕ್ಕದಲ್ಲಿ ಇದೇ ಸಿಂಗಲ್ ಕ್ರೋಶಾವನ್ನು ಡಬಲ್ ಅನ್ನುತ್ತಾರೆ, ಡಬಲ್ ಅನ್ನು ಟ್ರೆಬಲ್ ಅನ್ನುತ್ತಾರೆ. ಯೂಟ್ಯೂಬ್ ವಿಡಿಯೊ ನೋಡಿ ಕಲಿಯುವವರು ಅದು ಯಾವ ಲೆಕ್ಕ ಅಂತ ಮೊದಲು ನೋಡಿಕೊಳ್ಳಿ.

ವಿಷಯ ಸರಳ. ಗ್ರಾಫಿನಲ್ಲಿ ಒಂದು ಮನೆ ಅಂದರೆ ಹೊದಿಕೆಯಲ್ಲಿ ಒಂದು ಸ್ಟಿಚ್. ಮನೆ ಕೆಂಪಾದರೆ ಕೆಂಪು ದಾರ, ಬಿಳಿಯಾದರೆ ಬಿಳಿ ದಾರ. ಚುಕ್ಕಿ ಎಣಿಸಿ ರಂಗೋಲಿ ಹಾಕುವವರಿಗೆ ಇದು ಹೊಸದೇನಲ್ಲ.

ಮೊದಲು ಯಾವ ಚಿತ್ರ ಅಂತ ಯೋಚಿಸಿ. ಮೊಮ್ಮಗುವಿನ ಫೋಟೋನೇ ಹೊದಿಕೆ ಮೇಲೆ ಬರಲಿ ಅಂತ ಎಲ್ಲರಿಗೂ ಆಸೆ. ದಯವಿಟ್ಟು ಬೇಡ. ಮುಖದಲ್ಲಿ ಕಣ್ಣು, ಮೂಗು, ತುಟಿ ಎಲ್ಲ ಸಣ್ಣ ಸಣ್ಣ ನೆರಳಿನ ಆಟ. ನೂರು ಮನೆ ಅಗಲದಲ್ಲಿ ಅದನ್ನು ಹಿಡಿಯಲು ಹೋದರೆ ಮಗು ತನ್ನ ಮುಖ ನೋಡಿ ತಾನೇ ಹೆದರುತ್ತದೆ. ದೂರದಿಂದ ನೋಡಿದರೂ ಇದೇ ಅಂತ ಗೊತ್ತಾಗುವ ಆಕಾರ ಆರಿಸಿ. ನಮ್ಮ ತುಮಕೂರು ಕಡೆಯವರಿಗೆ ಇಂಥದ್ದಕ್ಕೆ ಬರವಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟದ ಗೆರೆ ಇದೆ, ತಿಪಟೂರಿನ ತೆಂಗಿನ ಮರ ಇದೆ, ಬಿಡಿಸಿದ ಹಲಸಿನ ಹಣ್ಣು ಇದೆ. ನನ್ನನ್ನು ಕೇಳಿದರೆ ಮೈದನಹಳ್ಳಿ ಹುಲ್ಲುಗಾವಲಿನ ಗಂಡು ಕೃಷ್ಣಮೃಗಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮೇಲೆ ಕಡು ಕಂದು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಉಂಗುರ. ಹಿನ್ನೆಲೆಗೆ ಹುಲ್ಲಿನ ಹಳದಿ ಹಾಕಿದರೆ ಮೂರೇ ಬಣ್ಣಕ್ಕೆ ಮುಗಿಯಿತು. ತಿರುಚಿದ ಕೊಂಬನ್ನು ಗ್ರಾಫಿನಲ್ಲಿ ಒಂದು ಮನೆ ಎಡಕ್ಕೆ, ಒಂದು ಮನೆ ಬಲಕ್ಕೆ ಅಂತ ಅಂಕುಡೊಂಕಾಗಿ ಎಳೆದರೆ ಸಾಕು, ನಿಜವಾದ ಕೊಂಬಿನ ಹಾಗೇ ಕಾಣುತ್ತದೆ.

ಬಣ್ಣ ನಾಲ್ಕಕ್ಕಿಂತ ಜಾಸ್ತಿ ಮಾಡಬೇಡಿ. ಐದನೇ ಬಣ್ಣ ಸೇರಿದ ಕೂಡಲೇ ದಾರದ ಸಿಕ್ಕು ಬಿಡಿಸುವುದೇ ಒಂದು ಕೆಲಸ ಆಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಸಿಂಗಲ್ ಕ್ರೋಶಾ ಸ್ಟಿಚ್ ಚೌಕವಾಗಿ ಇರುವುದಿಲ್ಲ. ಅಗಲ ಜಾಸ್ತಿ, ಎತ್ತರ ಕಮ್ಮಿ. ಗ್ರಾಫ್ ಕಾಗದದ ಮನೆಯೋ ಸರಿಯಾದ ಚೌಕ. ಹಾಗಾಗಿ ಕಾಗದದಲ್ಲಿ ದುಂಡಗೆ ಬರೆದ ಚಂದ್ರ ಹೊದಿಕೆಯಲ್ಲಿ ಅದುಮಿದ ಹಾಗೆ ಚಪ್ಪಟೆ ಆಗುತ್ತಾನೆ, ಜಿಂಕೆ ಕುಳ್ಳಗಾಗುತ್ತದೆ. ಇದಕ್ಕೆ ಮದ್ದು ಒಂದೇ. ನೀವು ಹಾಕಬೇಕೆಂದಿರುವ ಅದೇ ದಾರ, ಅದೇ ಕಡ್ಡಿಯಲ್ಲಿ ಒಂದು ಸಣ್ಣ ತುಂಡು ಹಾಕಿ ನೋಡಬೇಕು. ಸುಮಾರು ಆರು ಇಂಚು ಅಗಲ, ಆರು ಇಂಚು ಎತ್ತರ. ನಡುವೆ ನಾಲ್ಕು ಇಂಚು ಅಳತೆ ಹಿಡಿದು ಅಡ್ಡಕ್ಕೆ ಎಷ್ಟು ಸ್ಟಿಚ್, ಉದ್ದಕ್ಕೆ ಎಷ್ಟು ಸಾಲು ಅಂತ ಎಣಿಸಿ. ಅಂಚು ಎಳೆದುಕೊಂಡಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಿಮಗೆ ನಾಲ್ಕು ಇಂಚಿಗೆ 14 ಸ್ಟಿಚ್, 16 ಸಾಲು ಬಂತು ಅಂತಿಟ್ಟುಕೊಳ್ಳಿ. ಸ್ವಲ್ಪ ದಪ್ಪ ದಾರಕ್ಕೆ 5 ಅಥವಾ 5.5 ಮಿ.ಮೀ. ಕಡ್ಡಿ ಹಿಡಿದರೆ ಬಹಳ ಜನರಿಗೆ ಇದರ ಆಸುಪಾಸೇ ಬರುತ್ತದೆ. ಮಗುವಿನ ಹೊದಿಕೆ 30 ಇಂಚು ಅಗಲ, 36 ಇಂಚು ಉದ್ದ ಬೇಕು ಅಂದರೆ 30ನ್ನು 4ರಿಂದ ಭಾಗಿಸಿ 14ರಿಂದ ಗುಣಿಸಿ: 105 ಸ್ಟಿಚ್. ಹಾಗೇ 36ನ್ನು 4ರಿಂದ ಭಾಗಿಸಿ 16ರಿಂದ ಗುಣಿಸಿ: 144 ಸಾಲು. ಅಂದರೆ ನಿಮ್ಮ ಗ್ರಾಫ್ 105 ಮನೆ ಅಗಲ, 144 ಮನೆ ಎತ್ತರ. ಒಟ್ಟು 15,120 ಸ್ಟಿಚ್. ಈ ಸಂಖ್ಯೆ ನೋಡಿ ಗಾಬರಿ ಆದರೆ ಒಳ್ಳೆಯದೇ, ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಜಾಸ್ತಿ ಕೂರಲು ಮನಸ್ಸು ಬರುತ್ತದೆ!

ಗ್ರಾಫ್ ಮಾಡಲು ದುಡ್ಡು ಕೊಡಬೇಕಾಗಿಲ್ಲ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕು. ಇಲ್ಲಿ ಒಂದು ಉಪಾಯ ಇದೆ. ಕಾಲಂ ಅಗಲವನ್ನು 32 ಪಿಕ್ಸೆಲ್, ಸಾಲಿನ ಎತ್ತರವನ್ನು 28 ಪಿಕ್ಸೆಲ್ ಅಂತ ಇಡಿ. 16ಕ್ಕೆ 14ರ ಲೆಕ್ಕವನ್ನೇ ದುಪ್ಪಟ್ಟು ಮಾಡಿದ್ದು. ಈಗ ಪರದೆ ಮೇಲೆ ಮನೆಗಳೂ ನಿಮ್ಮ ಸ್ಟಿಚ್ಚಿನ ಹಾಗೇ ಸ್ವಲ್ಪ ಅಗಲವಾಗಿರುತ್ತವೆ. ಅದರಲ್ಲಿ ಬಣ್ಣ ತುಂಬಿ ಚಿತ್ರ ಸರಿ ಕಂಡರೆ ಹೊದಿಕೆಯಲ್ಲೂ ಸರಿ ಕಾಣುತ್ತದೆ. ನಿಮ್ಮ ಲೆಕ್ಕ ಬೇರೆ ಬಂದಿದ್ದರೆ ಆ ಸಂಖ್ಯೆ ಹಾಕಿ: ಸಾಲಿನ ಸಂಖ್ಯೆ ಕಾಲಂ ಅಗಲಕ್ಕೆ, ಸ್ಟಿಚ್ ಸಂಖ್ಯೆ ಸಾಲಿನ ಎತ್ತರಕ್ಕೆ. ಉಲ್ಟಾ ಹಾಕಿದರೆ ತಪ್ಪು ಎರಡರಷ್ಟಾಗುತ್ತದೆ, ನೋಡಿಕೊಳ್ಳಿ. ಫೋಟೋ ಕೊಟ್ಟು ಗ್ರಾಫ್ ಮಾಡಿಸಬೇಕು ಅನ್ನುವವರಿಗೆ ಸ್ಟಿಚ್ ಫಿಡಲ್ ಅನ್ನುವ ವೆಬ್‌ಸೈಟ್ ಇದೆ, ಅಲ್ಲೂ ನಿಮ್ಮ ಸ್ಟಿಚ್ ಅಳತೆ ಹಾಕಬಹುದು. ಆದರೆ ಫೋಟೋದಿಂದ ಬಂದ ಗ್ರಾಫನ್ನು ಹಾಗೇ ನಂಬಬೇಡಿ. ಬಿಳಿ ಮಧ್ಯೆ ಅಲ್ಲೊಂದು ಇಲ್ಲೊಂದು ಕಂದು ಮನೆ ಉದುರಿಸಿದ ಹಾಗೆ ಇರುತ್ತದೆ. ಅಂಥ ಒಂಟಿ ಮನೆಗಳನ್ನು ಒಂದೊಂದಾಗಿ ಹುಡುಕಿ ಪಕ್ಕದ ಬಣ್ಣಕ್ಕೆ ಸೇರಿಸಿ. ಒಂದು ಒಂಟಿ ಮನೆಗೆ ಎರಡು ಸಲ ದಾರ ಬದಲಾಯಿಸಬೇಕು, ಅದೂ ದೂರದಿಂದ ನೋಡಿದರೆ ಕೊಳೆ ಥರ ಕಾಣುತ್ತದೆ. ಯಾಕೆ ಬೇಕು?

ಕಂಪ್ಯೂಟರ್ ಬೇಡ ಅನ್ನುವವರು ಮಕ್ಕಳ ಗಣಿತದ ಚೌಕಳಿ ನೋಟ್‌ಬುಕ್ ಹಾಳೆಗಳನ್ನು ಅಂಟಿಸಿಕೊಳ್ಳಿ. ಹೈಸ್ಕೂಲಿನ ಮಿಲಿಮೀಟರ್ ಗ್ರಾಫ್ ಹಾಳೆ ಕಣ್ಣಿಗೆ ಶಿಕ್ಷೆ.

ಹೆಸರು ಬರೆಯುವುದೇ ಒಂದು ದೊಡ್ಡ ಅಧ್ಯಾಯ. ನೆಟ್ಟಿನಲ್ಲಿ ಸಿಗುವ ಅಕ್ಷರದ ಗ್ರಾಫ್‌ಗಳೆಲ್ಲ ಇಂಗ್ಲಿಷಿನವು. ಆ ಅಕ್ಷರಗಳು ಏಳು ಮನೆ ಎತ್ತರದಲ್ಲೇ ಕೂತುಬಿಡುತ್ತವೆ, ನಮ್ಮವು ಕೂರುವುದಿಲ್ಲ. ಕನ್ನಡ ಅಕ್ಷರ ದುಂಡಗೆ, ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಅಕ್ಷರಕ್ಕೆ ಕನಿಷ್ಠ 14 ಮನೆ ಎತ್ತರ ಕೊಡಿ, ಒತ್ತಕ್ಷರ ಇದ್ದರೆ ಕೆಳಗೆ ಇನ್ನೂ 7 ಮನೆ ಬಿಡಿ. ಗೆರೆಯ ದಪ್ಪ ಎರಡು ಮನೆ ಇರಲಿ. ಒಂದೇ ಮನೆ ಗೆರೆ ತೆಳ್ಳಗೆ ಸೊರಗಿದ ಹಾಗೆ ಕಾಣುತ್ತದೆ, ಓರೆ ಬಂದಲ್ಲಿ ಕತ್ತರಿಸಿದ ಹಾಗೂ ಕಾಣುತ್ತದೆ. ಒಂದೊಂದು ಅಕ್ಷರ ಸುಮಾರು 16 ಮನೆ ಅಗಲ ಹಿಡಿಯುತ್ತದೆ, ನಡುವೆ ಮೂರು ಮನೆ ಬಿಡಿ. ಮೂರು ಅಕ್ಷರಕ್ಕೆ 54 ಮನೆ. 105ರ ಹೊದಿಕೆಯಲ್ಲಿ ಆರಾಮಾಗಿ ಕೂರುತ್ತದೆ. ಆರು ಅಕ್ಷರದ ಹೆಸರಾದರೆ ಎರಡು ಸಾಲು ಮಾಡಿ, ಇಲ್ಲ ಮನೆಯಲ್ಲಿ ಕರೆಯುವ ಹೆಸರು ಹಾಕಿ.

ಗಗನ, ಕಮಲ, ಅಮರ ಇಂಥ ಹೆಸರುಗಳವರು ಪುಣ್ಯವಂತರು, ಒತ್ತೂ ಇಲ್ಲ ಏನೂ ಇಲ್ಲ. ಕೃಷ್ಣ ಅಂದರೆ ಎರಡು ಅಕ್ಷರಕ್ಕೂ ಕೆಳಗೆ ಕೆಲಸ. ದ ಮತ್ತು ಧ, ಬ ಮತ್ತು ಭ ಇವುಗಳ ಮಧ್ಯೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಗ್ರಾಫಿನಲ್ಲಿ ಆ ಸೀಳಿಗೆ ಎರಡು ಮನೆ ಎತ್ತರ ಆದರೂ ಕೊಡದಿದ್ದರೆ ಧನುಷ್ ಹೋಗಿ ದನುಷ್ ಆಗುತ್ತಾನೆ, ನಾಮಕರಣಕ್ಕೆ ಬಂದವರೆಲ್ಲ ಅದನ್ನೇ ಹೇಳುತ್ತಾರೆ. ಕಂಪ್ಯೂಟರಿನ ದಪ್ಪ ಅಕ್ಷರದಲ್ಲಿ ಹೆಸರು ಟೈಪ್ ಮಾಡಿ, ದೊಡ್ಡದಾಗಿ ಪ್ರಿಂಟ್ ತೆಗೆದು, ಅದರ ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆದು, ಅರ್ಧಕ್ಕಿಂತ ಜಾಸ್ತಿ ತುಂಬಿದ ಮನೆಗಳಿಗೆ ಬಣ್ಣ ಹಾಕಿಕೊಂಡು ಬಂದರೆ ಮುಕ್ಕಾಲು ಕೆಲಸ ಆದ ಹಾಗೆ, ಉಳಿದದ್ದನ್ನು ಕಣ್ಣಳತೆಯಲ್ಲಿ ತಿದ್ದಿ. ಆಮೇಲೆ ಗ್ರಾಫನ್ನು ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ನಿಂತು, ಆ ಹೆಸರು ಗೊತ್ತಿಲ್ಲದವರ ಹತ್ತಿರ ಓದಿಸಿ. ಓದಲು ತಡವರಿಸಿದರೆ ಇನ್ನೊಮ್ಮೆ ತಿದ್ದಿ.

ದಾರಕ್ಕೆ ಬರೋಣ. ಹೊದಿಕೆಗೆ ಅಕ್ರಿಲಿಕ್ ಸಾಕು. ವರ್ಧಮಾನ್, ಓಸ್ವಾಲ್, ಗಂಗಾ ಇವೆಲ್ಲ ಸಿಗುತ್ತವೆ. ಕಾಟನ್ ದಾರದ ಹೊದಿಕೆ ಭಾರ, ಒಗೆದರೆ ಒಣಗುವುದು ತಡ. ಕುರಿ ಉಣ್ಣೆ ಕಂಬಳಿಗೆ ಚೆನ್ನ, ಮಗುವಿನ ಮೈಗೆ ಚುಚ್ಚುತ್ತದೆ. ಎಲ್ಲ ಬಣ್ಣವೂ ಒಂದೇ ಕಂಪನಿ, ಒಂದೇ ದಪ್ಪ ಇರಬೇಕು. ಒಂದು ಬಣ್ಣ ತೆಳ್ಳಗಿದ್ದರೂ ಆ ಜಾಗ ಸುಕ್ಕುಗಟ್ಟುತ್ತದೆ. ಲೇಬಲ್ಲಿನ ಮೇಲೆ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ದಾರದ ಗುರುತು) ಇರುತ್ತದೆ, ಒಂದೇ ನಂಬರಿನದ್ದು ತೆಗೆದುಕೊಳ್ಳಿ. ತುಮಕೂರಿನಲ್ಲಿ ಬೇಕಾದ ಬಣ್ಣ ಒಂದೇ ಲಾಟಿನಲ್ಲಿ ಅಷ್ಟು ಉಂಡೆ ಇಲ್ಲ ಅಂದರೆ ರೈಲು ಹತ್ತಿ ಬೆಂಗಳೂರಿನ ಚಿಕ್ಕಪೇಟೆ ಕಡೆ ಹೋಗಿಬನ್ನಿ, ಇಲ್ಲ ಆನ್‌ಲೈನ್ ತರಿಸಿ. ಹಿನ್ನೆಲೆ ಬಣ್ಣಕ್ಕಂತೂ ಲಾಟ್ ಬೆರೆಸಲೇಬೇಡಿ, ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ.

ಎಷ್ಟು ದಾರ ಬೇಕು ಅಂತ ಅಂಗಡಿಯವರನ್ನು ಕೇಳಬೇಡಿ. ನಿಮ್ಮ ಪರೀಕ್ಷೆಯ ತುಂಡೇ ಹೇಳುತ್ತದೆ. ಅಡುಗೆಮನೆ ತಕ್ಕಡಿಯಲ್ಲಿ ಅದನ್ನು ತೂಗಿ, ಒಟ್ಟು ಚದರ ಇಂಚಿನಿಂದ ಭಾಗಿಸಿ. ಆರು ಇಂಚಿನ ತುಂಡು 18 ಗ್ರಾಂ ಇದ್ದರೆ 36 ಚದರ ಇಂಚಿಗೆ 18, ಅಂದರೆ ಒಂದು ಚದರ ಇಂಚಿಗೆ ಅರ್ಧ ಗ್ರಾಂ. ಹೊದಿಕೆ 30 ಇಂಟು 36, 1,080 ಚದರ ಇಂಚು. 540 ಗ್ರಾಂ ದಾರ. ಅದರಲ್ಲಿ ಕಂದು ಮನೆಗಳು ಕಾಲು ಭಾಗ ಇದ್ದರೆ ಕಂದು 135 ಗ್ರಾಂ. ತುದಿಗಳಿಗೆ, ಅಂಚಿಗೆ ಅಂತ ಪ್ರತಿ ಬಣ್ಣಕ್ಕೂ ಶೇಕಡ 15 ಸೇರಿಸಿ. ಕೆಂಪು, ಕಡುನೀಲಿ ಇದ್ದರೆ ಒಂದು ಎಳೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ದಾರ ಬೇಡ.

ಈಗ ಕಡ್ಡಿ ಹಿಡಿಯಿರಿ. 105 ಸ್ಟಿಚ್ಚಿಗೆ 106 ಚೈನು. ಚೈನು ಬಿಗಿಯಾದರೆ ಕೆಳಗಿನ ಅಂಚು ಬಿಲ್ಲಿನಂತೆ ಬಾಗುತ್ತದೆ, ಹಾಗಾಗಿ ಚೈನಿಗೆ ಮಾತ್ರ ಅರ್ಧ ಸೈಜು ದೊಡ್ಡ ಕಡ್ಡಿ ಹಿಡಿಯಿರಿ. ಕಡ್ಡಿಯಿಂದ ಎರಡನೇ ಚೈನಿನಲ್ಲಿ ಮೊದಲ ಸಿಂಗಲ್ ಕ್ರೋಶಾ. ಗ್ರಾಫ್ ಓದುವುದು ಕೆಳಗಿನ ಬಲ ಮೂಲೆಯಿಂದ. ಮೊದಲ ಸಾಲು ಬಲದಿಂದ ಎಡಕ್ಕೆ. ತಿರುಗಿಸಿದ ಮೇಲೆ ಎರಡನೇ ಸಾಲು ಎಡದಿಂದ ಬಲಕ್ಕೆ. ಬೆಸ ಸಾಲು ಬಲದಿಂದ, ಸಮ ಸಾಲು ಎಡದಿಂದ, ಅಷ್ಟೇ. ಎಡಗೈಯವರು ಇದನ್ನೇ ಉಲ್ಟಾ ಮಾಡಿ, ಮೊದಲ ಸಾಲು ಎಡದಿಂದ ಬಲಕ್ಕೆ ಓದಿ. ಇಲ್ಲದಿದ್ದರೆ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಬಿಡುತ್ತದೆ.

ಪ್ರತಿ ಸಾಲನ್ನೂ ಮೊದಲೇ ಅಂಕಿಯಲ್ಲಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ: 38 ಹಳದಿ, 9 ಕಂದು, 4 ಹಳದಿ, 11 ಕಂದು, 43 ಹಳದಿ. ಕೂಡಿದರೆ 105 ಬರಬೇಕು. ಬರದಿದ್ದರೆ ಎಣಿಕೆ ತಪ್ಪಿದೆ, ಈಗಲೇ ಸಿಕ್ಕಿತು ಅಂತ ಖುಷಿಪಡಿ. ಮುಗಿದ ಸಾಲಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ.

ಬಣ್ಣ ಬದಲಾಯಿಸುವುದರಲ್ಲಿ ಒಂದು ಗುಟ್ಟಿದೆ, ಬಹಳ ಜನ ಇಲ್ಲೇ ಎಡವುತ್ತಾರೆ. ಹೊಸ ಬಣ್ಣವನ್ನು ಹೊಸ ಸ್ಟಿಚ್ಚಿನಲ್ಲಿ ಶುರು ಮಾಡಬಾರದು, ಹಳೆ ಬಣ್ಣದ ಕೊನೆಯ ಸ್ಟಿಚ್ಚಿನಲ್ಲೇ ಶುರು ಮಾಡಬೇಕು. 38ನೇ ಹಳದಿ ಸ್ಟಿಚ್ಚಿಗೆ ಕಡ್ಡಿ ತೂರಿಸಿ, ದಾರ ಎಳೆಯಿರಿ. ಕಡ್ಡಿ ಮೇಲೆ ಎರಡು ಹಳದಿ ಕುಣಿಕೆ ಇದೆ. ಇಲ್ಲಿ ಹಳದಿಯನ್ನು ಬಿಟ್ಟು, ಕಂದು ದಾರವನ್ನು ಆ ಎರಡರ ಒಳಗಿಂದ ಎಳೆಯಿರಿ. ಸ್ಟಿಚ್ ಹಳದಿ, ಕಡ್ಡಿ ಮೇಲಿನ ಕುಣಿಕೆ ಕಂದು. ಮುಂದಿನದು ಪೂರ್ತಿ ಕಂದಾಗಿ ಬರುತ್ತದೆ. ಹೀಗೆ ಮಾಡದಿದ್ದರೆ ಬಣ್ಣ ಬದಲಾದಲ್ಲೆಲ್ಲ ಮೊದಲ ಕಂದು ಸ್ಟಿಚ್ಚಿನ ತಲೆ ಮೇಲೆ ಹಳದಿ ಟೋಪಿ ಕೂರುತ್ತದೆ.

ಬಿಟ್ಟ ದಾರ ಯಾವಾಗಲೂ ಹಿಂಬದಿಗೇ ಇರಬೇಕು. ಬೆಸ ಸಾಲಿನಲ್ಲಿ ಹಿಂಬದಿ ಅಂದರೆ ನಿಮ್ಮಿಂದ ಆಚೆ. ಸಮ ಸಾಲಿನಲ್ಲಿ ಹೊದಿಕೆ ತಿರುಗಿದೆಯಲ್ಲ, ಹಿಂಬದಿ ನಿಮ್ಮ ಕಡೆಗೇ ಇದೆ, ಆದ್ದರಿಂದ ದಾರವನ್ನು ನಿಮ್ಮ ಕಡೆಗೆ ತಂದು ಬಿಡಬೇಕು. ಮೇಲೆ ಹೇಳಿದ ಸಾಲಿನಲ್ಲಿ ಐದು ತುಂಡು ಬಣ್ಣ ಇದೆ. ನಡುವಿನ 4 ಹಳದಿಗೆ ಬೇರೆ ಉಂಡೆ ಬೇಕು. ಆದರೆ ಕಂದಿಗೆ ಎರಡು ಉಂಡೆ ಬೇಡ: ನಾಲ್ಕು ಸ್ಟಿಚ್ ಹಾಕುವಾಗ ಕಂದು ದಾರವನ್ನು ಒಳಗಿಟ್ಟು ಅದರ ಮೇಲೇ ಹಳದಿ ಹಾಕಿ ದಾಟಿಸಿಬಿಡಿ. ಅದಕ್ಕಿಂತ ಜಾಸ್ತಿ ದೂರ ಎಳೆದರೆ ಕಡು ಬಣ್ಣ ತಿಳಿ ಬಣ್ಣದ ಒಳಗಿಂದ ಇಣುಕುತ್ತದೆ. ಹಿಂದೆ ಸಡಿಲವಾಗಿ ನೇತಾಡಿಸಿದರೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ, ಅದಂತೂ ಬೇಡವೇ ಬೇಡ. ಎಲ್ಲ ಬಣ್ಣವನ್ನೂ ಸಾಲಿನ ಉದ್ದಕ್ಕೂ ಒಳಗಿಟ್ಟುಕೊಂಡು ಹೋಗುವ ವಿಧಾನವೂ ಇದೆ. ಬ್ಯಾಗಿಗೆ, ಮ್ಯಾಟಿಗೆ ಅದು ಚೆನ್ನ. ಹೊದಿಕೆಗೆ ಹಾಕಿದರೆ ರಟ್ಟಿನ ಹಾಗೆ ಸೆಟೆದು ನಿಲ್ಲುತ್ತದೆ.

ಸಣ್ಣ ಭಾಗಗಳಿಗೆ ಪೂರ್ತಿ ಉಂಡೆ ಕಟ್ಟಿಕೊಂಡು ಒದ್ದಾಡಬೇಡಿ. ಬೇಕಾದಷ್ಟು ದಾರ ಕತ್ತರಿಸಿ ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸುತ್ತಿ, ಕ್ಲಿಪ್ಪಿನ ಬಾಯಲ್ಲಿ ದಾರ ಕಚ್ಚಿಸಿದರೆ ತಾನಾಗಿ ಬಿಚ್ಚುವುದಿಲ್ಲ. ತಿರುಗಿಸುವಾಗ ಒಂದು ಸಲ ಬಲಕ್ಕೆ, ಮುಂದಿನ ಸಲ ಎಡಕ್ಕೆ ತಿರುಗಿಸಿ, ಆಗ ದಾರಗಳು ಹುರಿ ಆಗುವುದಿಲ್ಲ. ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರು ಕೆಳಗಿನ ಖಾಲಿ ಸಾಲುಗಳನ್ನು ರೈಲಿನಲ್ಲಿ ಹಾಕಿ, ಚಿತ್ರದ ಸಾಲು ಮನೆಯಲ್ಲೇ. ಐದು ಕ್ಲಿಪ್ಪು ನೇತಾಡಿಸಿಕೊಂಡು ಆ ನೂಕುನುಗ್ಗಲಿನಲ್ಲಿ ಆಗುವ ಮಾತಲ್ಲ.

ಇಷ್ಟೆಲ್ಲ ಸ್ಟಿಚ್ ಎಣಿಸಲು ತಾಳ್ಮೆ ಇಲ್ಲ ಅನ್ನುವವರಿಗೆ ಇನ್ನೊಂದು ದಾರಿ ಇದೆ, ಮೂಲೆಯಿಂದ ಮೂಲೆಗೆ ಹಾಕುವುದು. ಇದರಲ್ಲಿ ಒಂದು ಮನೆಗೆ ಒಂದು ಸ್ಟಿಚ್ ಅಲ್ಲ, ಮೂರು ಚೈನು ಮತ್ತು ಮೂರು ಡಬಲ್ ಕ್ರೋಶಾದ ಒಂದು ಪುಟ್ಟ ಚೌಕ. ಆರು ಚೈನು ಹಾಕಿ, ಕಡ್ಡಿಯಿಂದ ನಾಲ್ಕನೇ ಚೈನಿನಲ್ಲಿ ಒಂದು, ಮುಂದಿನ ಎರಡರಲ್ಲಿ ಒಂದೊಂದು ಡಬಲ್ ಕ್ರೋಶಾ. ಮೊದಲ ಚೌಕ ಆಯಿತು. ತಿರುಗಿಸಿ ಮತ್ತೆ ಆರು ಚೈನು, ಅದೇ ರೀತಿ ಚೌಕ, ಆಮೇಲೆ ಹಿಂದಿನ ಚೌಕದ ಮೂರು ಚೈನಿನ ಸಂದಿಗೆ ಸ್ಲಿಪ್ ಸ್ಟಿಚ್ (ಕಡ್ಡಿ ತೂರಿಸಿ ದಾರವನ್ನು ಕಡ್ಡಿ ಮೇಲಿನ ಕುಣಿಕೆಯ ಒಳಗಿಂದಲೂ ಒಂದೇ ಸಲಕ್ಕೆ ಎಳೆಯುವುದು) ಹಾಕಿ, ಮೂರು ಚೈನು, ಅದೇ ಸಂದಿಯಲ್ಲಿ ಮೂರು ಡಬಲ್ ಕ್ರೋಶಾ. ಹೀಗೆ ಓರೆಯಾಗಿ ಪ್ರತಿ ಸಾಲಿಗೂ ಒಂದು ಚೌಕ ಜಾಸ್ತಿ ಆಗುತ್ತದೆ. ಬೇಕಾದ ಅಗಲ ಬಂದ ಮೇಲೆ ಆ ಬದಿಯಲ್ಲಿ ಹೊಸ ಆರು ಚೈನು ಹಾಕದೆ, ಕೊನೆಯ ಚೌಕದ ಡಬಲ್‌ಗಳ ಮೇಲೆ ಸ್ಲಿಪ್ ಸ್ಟಿಚ್ಚಿನಲ್ಲಿ ನಡೆದು ಸಂದಿಗೆ ಹೋಗಿ ಅಲ್ಲಿಂದ ಮುಂದುವರಿಸಿ. ಬಣ್ಣ ಬದಲಾಯಿಸುವುದು ಆ ಸ್ಲಿಪ್ ಸ್ಟಿಚ್ಚಿನಲ್ಲಿ. ಗ್ರಾಫನ್ನೂ ಓರೆಯಾಗಿಯೇ ಓದಬೇಕು, ಮೊದಲು ತಲೆ ತಿರುಗುತ್ತದೆ, ಆಮೇಲೆ ಅಭ್ಯಾಸ ಆಗುತ್ತದೆ.

ಇದರ ಲಾಭ ಎರಡು. ಚೌಕ ನಿಜವಾಗಿ ಚೌಕವೇ ಇರುತ್ತದೆ, ಜಿಂಕೆ ಕುಳ್ಳಗಾಗುವುದಿಲ್ಲ. ಬೇಗ ಮುಗಿಯುತ್ತದೆ ಕೂಡ: ಒಂದು ಚೌಕ ಮುಕ್ಕಾಲು ಇಂಚು ಬಂದರೆ ಅದೇ 30 ಇಂಟು 36ರ ಹೊದಿಕೆಗೆ 40 ಇಂಟು 48, ಅಂದರೆ 1,920 ಚೌಕ ಸಾಕು. ನಷ್ಟ ಏನು ಅಂದರೆ 40 ಮನೆ ಅಗಲದಲ್ಲಿ ಕನ್ನಡದ ಮೂರು ಅಕ್ಷರ ಹಿಡಿಸುವುದಿಲ್ಲ. ಮಧುಗಿರಿ ಬೆಟ್ಟ, ತೆಂಗಿನ ಮರಕ್ಕೆ ಮೂಲೆಯಿಂದ ಮೂಲೆಗೆ, ಹೆಸರಿಗೆ ಸಿಂಗಲ್ ಕ್ರೋಶಾ, ಇದು ನನ್ನ ಲೆಕ್ಕ. ಹೆಸರು ಚಿಕ್ಕದಾಗಿ ಮೂಲೆಯಲ್ಲಿ ಇದ್ದರೆ ಸಾಕು ಅಂದರೆ ಅದನ್ನು ಹೆಣೆಯಲೇಬೇಡಿ. ಒಂದೇ ಬಣ್ಣದ ಸಿಂಗಲ್ ಕ್ರೋಶಾ ಪಟ್ಟಿ ಹಾಕಿ, ಅದರ ಮೇಲೆ ದಪ್ಪ ಸೂಜಿಯಲ್ಲಿ ಕ್ರಾಸ್ ಸ್ಟಿಚ್ ಹೊಲಿಯಿರಿ. ಒಂದು ಸ್ಟಿಚ್ಚಿನ ಮೇಲೆ ಒಂದು ಕ್ರಾಸ್, ಗ್ರಾಫ್ ಅದೇ.

ಉಳಿದ ತುದಿಗಳು. ಇದನ್ನು ಕೊನೆಗೆ ಅಂತ ಇಟ್ಟುಕೊಂಡವರು ಹೊದಿಕೆಯನ್ನು ಬೀರುವಿನಲ್ಲಿ ಇಟ್ಟು ಮರೆಯುತ್ತಾರೆ. ಹೊಸ ದಾರ ಸೇರಿಸುವಾಗ ಆರು ಇಂಚು ತುದಿ ಬಿಟ್ಟು, ಅದೇ ಬಣ್ಣದ ಮುಂದಿನ ಸ್ಟಿಚ್ಚುಗಳ ಒಳಗೇ ಸೇರಿಸಿಕೊಂಡು ಹೋಗಿ. ಉಳಿದದ್ದನ್ನು ಪ್ರತಿ ಹತ್ತು ಸಾಲಿಗೊಮ್ಮೆ ಸೂಜಿಯಲ್ಲಿ ಒಂದು ದಿಕ್ಕಿಗೆ, ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ ತೂರಿಸಿ ಕತ್ತರಿಸಿ. ಅಕ್ರಿಲಿಕ್ ಜಾರುವ ದಾರ, ಒಂದೇ ದಿಕ್ಕಿಗೆ ತೂರಿಸಿದರೆ ಎರಡು ಒಗೆತಕ್ಕೆ ಹೊರಗೆ ಬರುತ್ತದೆ.

ಸುತ್ತ ಅಂಚಿಗೆ ಒಂದೆರಡು ಸುತ್ತು ಸಿಂಗಲ್ ಕ್ರೋಶಾ ಹಾಕಿ, ಮೂಲೆಯಲ್ಲಿ ಒಂದೇ ಜಾಗಕ್ಕೆ ಮೂರು. ಬದಿಗಳಲ್ಲಿ ಪ್ರತಿ ಸಾಲಿಗೂ ಒಂದು ಹಾಕಿದರೆ ಅಂಚು ಅಲೆ ಅಲೆ ಆಗುತ್ತದೆ. 16 ಸಾಲಿನ ಜಾಗದಲ್ಲಿ 14 ಸ್ಟಿಚ್ ತಾನೆ ಹಿಡಿಸುವುದು, ಹಾಗಾಗಿ ಏಳು ಸಾಲಿಗೆ ಏಳು ಹಾಕಿ ಎಂಟನೆಯದನ್ನು ಬಿಡಿ.

ಒಗೆಯುವುದು ತಣ್ಣೀರಿನಲ್ಲಿ, ಹಿಂಡದೆ, ನೆರಳಿನಲ್ಲಿ ಚಾಪೆ ಮೇಲೆ ಹರಡಿ. ತಂತಿ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದ ಆಗುತ್ತದೆ. ಇಸ್ತ್ರಿ ಮಾಡಬೇಡಿ, ಅಕ್ರಿಲಿಕ್ ಬಿಸಿಗೆ ಕರಗುತ್ತದೆ. ಅದೇ ಕಾರಣಕ್ಕೆ ದೀಪದ ಹತ್ತಿರ ಹಾಸಬೇಡಿ. ವರ್ಷ ತುಂಬದ ಮಗು ಒಂದೇ ಮಲಗಿರುವಾಗ ಇದನ್ನು ಹೊದಿಸಿ ಬಿಡಬೇಡಿ, ಮುಖಕ್ಕೆ ಬಂದರೆ ಅಪಾಯ. ತೊಡೆ ಮೇಲೆ ಕೂರಿಸಿಕೊಂಡಾಗ, ನೆಲದ ಮೇಲೆ ಆಡಲು ಬಿಟ್ಟಾಗ ನೀವು ಪಕ್ಕದಲ್ಲಿದ್ದರೆ ಸರಿ. ಪ್ರತಿ ಬಣ್ಣದ್ದೂ ನಾಲ್ಕೈದು ಗಜ ದಾರವನ್ನು ಲೇಬಲ್ ಸಮೇತ ಒಂದು ಕವರಿನಲ್ಲಿ ಹಾಕಿ, ಗ್ರಾಫಿನ ಜೊತೆ ಎತ್ತಿಡಿ. ಎಲ್ಲಾದರೂ ಕಿತ್ತುಬಂದರೆ ಹೊಲಿಯಲು ಬೇಕಾಗುತ್ತದೆ.